ರಹಫಳ ಸಾಲು

ಟ್ರಿಪೋಲಿ
2 ನವೆಂಬರ್ 2020

ನುಹಾ,

ಮನೆಯಲ್ಲಿ ಫೋನಿಟ್ಟುಕೊಂಡು ಅಕ್ಕ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೆ ತಲೆ ಕೆಟ್ಟಿತೇ ಎಂದುಕೊಳ್ಳಬೇಡ. ಕೆಟ್ಟಿರುವುದು ನಿಜ, ಆದರೆ ಕಾಗದಕ್ಕೆ ಕಾರಣ ಅದಲ್ಲ. ಪಾಠವೆಲ್ಲ ಫೋನಿನೊಳಗೆ ಹೋದ ಮೇಲೆ ಅದು ನನ್ನ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಒಂದನೇ ಕ್ಲಾಸಿನ ತಾಲಾ, ಹತ್ತೂವರೆಗೆ ನಾಲ್ಕನೇ ಕ್ಲಾಸಿನ ಜವಾದ್, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಮ್ಮ ರಹಫ್. ಅವಳದು ಒಂಬತ್ತನೆಯದು, ಗೊತ್ತಲ್ಲ, ಇದನ್ನು ದಾಟಿದರೆ ಮುಂದಿನ ದೊಡ್ಡ ಶಾಲೆ. ಇಂಟರ್ನೆಟ್ಟಿನ ಒಂದೊಂದು ತೊಟ್ಟೂ ಪಾಠಕ್ಕೇ ಬೇಕು. ನಿನ್ನ ಭಾವನ ಹತ್ತಿರ ಇನ್ನೊಂದು ಫೋನಿದೆ, ಅದನ್ನು ಮುಟ್ಟುವಂತಿಲ್ಲ. ಅವರ ಮರಗೆಲಸದ ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಯಿತು. ಆದರೂ "ಯಜಮಾನ್ರು ಯಾವ್ ಗಳಿಗೇಲಿ ಕರೀತಾರೋ, ಲೈನು ಖಾಲಿ ಇರ್ಬೇಕು" ಎಂದು ಅದನ್ನು ಮಡಿಲಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಅಬು ಸಮೀಹನ ವ್ಯಾನು ನಿಮ್ಮ ಬೆಟ್ಟಕ್ಕೆ ದಿನಾ ಹೋಗುತ್ತದಲ್ಲ, ರೊಟ್ಟಿ ಕಟ್ಟುಗಳ ಜೊತೆ ಇದನ್ನೂ ತರುತ್ತಾನೆ.

ಸರ್ಕಾರದ ಕರೆಂಟು ದಿನಕ್ಕೆ ಮೂರು ಗಂಟೆ, ಅದೂ ಅದಕ್ಕೆ ತೋಚಿದಾಗ. ಉಳಿದ ಹೊತ್ತಿಗೆ ಬೀದಿಯ ಜನರೇಟರಿನವನಿಂದ ದುಡ್ಡು ಕೊಟ್ಟು ಕೊಂಡ ಐದು ಆಂಪಿಯರ್. ಫ್ರಿಜ್ಜು, ಎರಡು ಬಲ್ಬು, ಇಂಟರ್ನೆಟ್ಟಿನ ಡಬ್ಬಿ, ಅಲ್ಲಿಗೆ ಮುಗಿಯಿತು. ಬಟ್ಟೆ ಮೆಷಿನ್ ಹಾಕಿದೆಯೋ, ಟಪ್ ಎಂದು ಟ್ರಿಪ್ ಆಗುತ್ತದೆ. ಸ್ವಿಚ್ಚಿರುವುದು ಕೆಳಗೆ ಬೀದಿಬಾಗಿಲಲ್ಲಿ, ನಾವಿರುವುದು ಐದನೇ ಮಹಡಿಯಲ್ಲಿ, ಲಿಫ್ಟು ಸತ್ತು ವರ್ಷವಾಯಿತು. ಇದರ ನಡುವೆ ವಾರಕ್ಕೆರಡು ಸಲ ನಲ್ಲಿ ನೀರು ಬರುತ್ತದೆ, ಆಗಲೇ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ನಿನ್ನೆ ತಾಲಾಳ ಅಕ್ಷರ ತಿದ್ದಿಸಲು ಕೂತರೆ ಮಸೂರ ಬೇಳೆ ಸೀದುಹೋಯಿತು. ಬೇಳೆ ನೋಡಲು ಎದ್ದರೆ ಜವಾದ್ ಫೋನಿನಲ್ಲಿ ಕಾರು ಓಡಿಸುತ್ತಿದ್ದ. ಏಳನೇ ಕ್ಲಾಸಿಗೇ ಬಿಟ್ಟವಳು ನಾನು, ಅವನ ಫ್ರೆಂಚು ಪುಸ್ತಕ ನನ್ನ ಕೈಗೆ ಬಂದರೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದು.

ನೀನು ಟೀಚರು. ಮೂವತ್ತು ಮಕ್ಕಳನ್ನು ಒಂದು ಗಂಟೆಯ ಸದ್ದಿಗೆ ಕೂರಿಸಿ ಏಳಿಸುತ್ತೀಯ. ನನಗೆ ಮೂವರನ್ನು ಆಗುತ್ತಿಲ್ಲ. ದಿನದ ಹೊತ್ತೆಲ್ಲ ಎಲ್ಲಿ ಸೋರಿಹೋಗುತ್ತದೆ, ನನಗೆ ಸ್ವಲ್ಪ ಹೇಳಿಕೊಡು.

ನಿನ್ನ ಅಕ್ಕ
ವಿದಾದ್


ಬೆಟ್ಟದ ಮೇಲಿನಿಂದ
9 ನವೆಂಬರ್ 2020

ಅಕ್ಕ,

ಕಾಗದ ತಲುಪಿತು, ಮೇಲೆ ರೊಟ್ಟಿಯ ಪುಡಿಯೂ ಇತ್ತು. ಓದಿ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು.

ಸೋರುವುದು ಹೊತ್ತಲ್ಲ ಅಕ್ಕ, ಹೊತ್ತಿಗೊಂದು ಪಾತ್ರೆಯಿಲ್ಲ ಅಷ್ಟೆ. ಒಂದು ದೊಡ್ಡ ಹಾಳೆ ತೆಗೆದುಕೋ. ಒಬ್ಬೊಬ್ಬರಿಗೆ ಒಂದು ಅಡ್ಡ ಸಾಲು, ಗಂಟೆಗೊಂದು ಮನೆ. ಮೂರು ಬಣ್ಣದ ಪೆನ್ಸಿಲು ಕಳಿಸಿದ್ದೇನೆ. ಓದು ಕೆಂಪು, ಮನೆಗೆಲಸ ಹಸಿರು, ವಿಶ್ರಾಂತಿ ನೀಲಿ. ಬರೆದು ಫ್ರಿಜ್ಜಿಗೆ ಅಂಟಿಸು. ಎಲ್ಲರೂ ನೋಡಲಿ, ಯಾರೂ "ನಂಗೊತ್ತಿರ್ಲಿಲ್ಲ" ಎನ್ನುವಂತಿಲ್ಲ.

ಇನ್ನೊಂದು ಮಾತು, ನಾನೇ ಕಂಡುಕೊಂಡದ್ದು. ಕೆಲಸ ಮಾಡುವಾಗ ಕಿವಿ ಖಾಲಿ ಇರುತ್ತದೆ, ಪಾಠ ಕೇಳುವಾಗ ಕೈ ಖಾಲಿ ಇರುತ್ತದೆ. ಖಾಲಿ ಇರುವುದನ್ನು ಬಳಸಿಕೋ. ಕಾಯಿ ಹೆಚ್ಚುತ್ತಾ ಮಗ್ಗಿ ಹೇಳಿಸಬಹುದು. ಮತ್ತೆ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳಬೇಡ. ರಹಫಳಿಗೆ ಹದಿನಾಲ್ಕಾಯಿತು, ಅವಳ ಕೈಲಿ ಒಂದಿಷ್ಟು ನೆರವು ಪಡೆ. ಮಕ್ಕಳಿಗೆ ಜವಾಬ್ದಾರಿ ಕಲಿಸುವುದೂ ಓದೇ.

ಒಂದು ಡಬ್ಬಿ ಲಬ್ನೆ ಇದೆ ಜೊತೆಯಲ್ಲಿ, ಮೊಸರನ್ನು ನಾನೇ ಬಟ್ಟೆಯಲ್ಲಿ ಕಟ್ಟಿ ಗಟ್ಟಿ ಮಾಡಿದ್ದು. ಮೇಲಿನ ಎಣ್ಣೆ ಚೆಲ್ಲಬೇಡ, ಈ ವರ್ಷದ್ದು.

ನಿನ್ನ
ನುಹಾ


ಟ್ರಿಪೋಲಿ
29 ನವೆಂಬರ್ 2020

ನನ್ನ ಟೀಚರಮ್ಮನಿಗೆ,

ಹಾಳೆ ಫ್ರಿಜ್ಜಿನ ಮೇಲೆ ಕೂತು ಎರಡು ವಾರವಾಯಿತು. ಈ ಮನೆಯಲ್ಲಿ ಏನೋ ಒಂದು ಹಳಿಗೆ ಬಂದಿದೆ ನುಹಾ, ದೃಷ್ಟಿಯಾಗದಿರಲಿ. ನಿನಗೆಂದು ಪೆನ್ನಿನಲ್ಲಿ ನಕಲು ಮಾಡಿದ್ದೇನೆ, ಬಣ್ಣ ನೀನೇ ಊಹಿಸಿಕೋ.

ತಾಲಾ: ಎಂಟರಿಂದ ಹತ್ತು ತರಗತಿ, ನಾನು ಪಕ್ಕದಲ್ಲಿ. ಹತ್ತರಿಂದ ಆಟ. ಮೂರಕ್ಕೆ ಬರವಣಿಗೆ, ನಾನು ಪಕ್ಕದಲ್ಲಿ.

ಜವಾದ್: ಹತ್ತೂವರೆಯಿಂದ ಹನ್ನೆರಡೂವರೆ ತರಗತಿ, ನಾನು ಬಾಗಿಲಲ್ಲಿ. ಎರಡಕ್ಕೆ ಫ್ರೆಂಚು ಉಕ್ತಲೇಖನ, ರಹಫಳ ಜೊತೆ. ನಾಲ್ಕಕ್ಕೆ ಲೆಕ್ಕ, ರಹಫಳ ಜೊತೆ.

ವಿದಾದ್: ಆರಕ್ಕೆ ಏಳುವುದು, ಅಡಿಗೆ, ತಾಲಾ, ಜವಾದ್, ಅಡಿಗೆ, ತಾಲಾ.

ರಹಫ್: ಏಳಕ್ಕೆ ಹಾಸಿಗೆ ಸುತ್ತಿ ಗುಡಿಸುವುದು. ಒಂಬತ್ತಕ್ಕೆ ಬಟ್ಟೆ. ಹನ್ನೊಂದಕ್ಕೆ ತರಕಾರಿ. ಒಂದರಿಂದ ನಾಲ್ಕು ತರಗತಿ, ಜೊತೆಗೆ ಪಾತ್ರೆ, ಉಕ್ತಲೇಖನ. ನಾಲ್ಕಕ್ಕೆ ಜವಾದನ ಲೆಕ್ಕ. ಐದಕ್ಕೆ ಇಸ್ತ್ರಿ. ಕರೆಂಟು ಟ್ರಿಪ್ ಆದಾಗಲೆಲ್ಲ ಸ್ವಿಚ್ಚು, ನೀರು ಬಂದಾಗಲೆಲ್ಲ ಮೋಟಾರು.

ನಿನ್ನ ಕಿವಿ ಕೈಗಳ ಮಾತು ಭಲೇ ಕೆಲಸ ಮಾಡಿತು. ರಹಫ್ ಫೋನನ್ನು ಸಿಂಕಿನ ಮೇಲಿನ ಹಲಗೆಯಲ್ಲಿಟ್ಟು ಕಿವಿಗೆ ತಂತಿ ಸಿಕ್ಕಿಸಿಕೊಳ್ಳುತ್ತಾಳೆ. ಅತ್ತ ಪಾಠ, ಇತ್ತ ಪಾತ್ರೆ. ಟೀಚರು ಹೆಸರು ಕೂಗಿದರೆ ಒದ್ದೆ ಬೆರಳಲ್ಲೇ ಒತ್ತಿ "ಹಾಜರ್" ಎನ್ನುತ್ತಾಳೆ. ಮೊನ್ನೆ ಅವಳು ಹೀಗೇ ನಿಂತು ಒಂದು ಬುಟ್ಟಿ ಕೂಸಾ ಕಾಯಿ ಟೊಳ್ಳು ಮಾಡಿದಳು, ಒಂದೂ ಒಡೆದಿರಲಿಲ್ಲ. ನಾನು ಅನ್ನ, ಖೀಮಾ ತುಂಬಿದೆ ಅಷ್ಟೆ. ಯಾವ ಹೊತ್ತಿಗೆ ಎಷ್ಟು ಆಂಪಿಯರ್ ಉಳಿದಿದೆ ಎನ್ನುವುದೂ ಅವಳಿಗೆ ಬಾಯಿಪಾಠ. "ಅಮ್ಮ, ಫ್ರಿಜ್ ಹತ್ತ್ ನಿಮಿಷ ಆರ್ಸು, ಇಸ್ತ್ರಿ ಹಾಕ್ತೀನಿ" ಅನ್ನುತ್ತಾಳೆ.

ನಿನ್ನ ಭಾವ ಹಾಳೆಯನ್ನು ಓದಿ "ಇದ್ರಲ್ಲಿ ನನ್ ಹೆಸ್ರೇ ಇಲ್ವಲ್ಲ" ಎಂದರು. "ಬಾಲ್ಕನಿಗೆ ಬೇರೆ ಹಾಳೆ ಬರೀತೀನಿ" ಎಂದೆ. ಅವರೂ ನಕ್ಕರು. ಬಹಳ ದಿನಕ್ಕೆ ನಕ್ಕರು.

ನಿನಗೆ ಋಣಿಯಾದ
ವಿದಾದ್


ಬೆಟ್ಟದ ಮೇಲಿನಿಂದ
13 ಡಿಸೆಂಬರ್ 2020

ಅಕ್ಕ,

ನಿನ್ನ ಹಾಳೆಯನ್ನು ನಮ್ಮ ಶಾಲೆಯ ಆರು ಜನ ತಾಯಂದಿರಿಗೆ ತೋರಿಸಿದೆ. ಎಲ್ಲರೂ ನಕಲು ಮಾಡಿಕೊಂಡರು. "ಇವ್ಳು ನಿಮ್ಮಕ್ಕನಾ, ಎಷ್ಟ್ ಓದಿದಾಳೆ" ಎಂದು ಒಬ್ಬಳು ಕೇಳಿದಳು. "ನಂಗಿಂತ ಜಾಣೆ" ಎಂದೆ.

ಸಿಂಕಿನ ಮೇಲೆ ಫೋನಿಡುವ ಉಪಾಯ ಎಲ್ಲರಿಗೂ ಹಿಡಿಸಿತು. ರಹಫಳಿಗೆ ಚಿಕ್ಕಮ್ಮ ಶಭಾಷ್ ಎಂದಳೆಂದು ಹೇಳು. ಇಲ್ಲಿ ಹಿಮ ಬಿದ್ದಿದೆ, ವ್ಯಾನು ಬರದ ದಿನಗಳಿವೆ, ಕಾಗದ ತಡವಾದರೆ ಗಾಬರಿಯಾಗಬೇಡ.

ನಿನ್ನ
ನುಹಾ


ಟ್ರಿಪೋಲಿ
16 ಫೆಬ್ರವರಿ 2021

ನುಹಾ,

ಒಂದು ತಪ್ಪು ಮಾಡಿದ್ದೇನೆ. ಯಾರ ಹತ್ತಿರವೂ ಹೇಳಿಲ್ಲ.

ನಿನ್ನೆ ರಹಫಳಿಗೆ ಗಣಿತದ ಕಿರುಪರೀಕ್ಷೆ ಇತ್ತು, ಫೋನಿನಲ್ಲೇ, ನಲವತ್ತು ನಿಮಿಷ. ಅವತ್ತು ಅವಳಿಗೆ ಪಾತ್ರೆ ಬೇಡ ಎಂದು ನಾನೇ ಹೇಳಿ ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದ್ದೆ. ಇತ್ತ ತಾಲಾಳಿಗೆ ವಾಂತಿಭೇದಿ, ಹಾಸಿಗೆ ಬಟ್ಟೆಯೆಲ್ಲ ರಾಶಿ, ನಾತ ತಡೆಯಲಾಗದು. ಅಷ್ಟರಲ್ಲಿ ಎದುರು ಕಟ್ಟಡದ ಮಕ್ಕಳು "ಬಂತು, ಬಂತು" ಎಂದು ಕೂಗಿದರು. ಸರ್ಕಾರದ ಕರೆಂಟು ಬಂದಾಗ ಬೀದಿಯೆಲ್ಲ ಹಾಗೇ ಕೂಗುತ್ತದಲ್ಲ. ಎದುರು ಕಟ್ಟಡದ್ದು ಬೇರೆ ಲೈನು, ಅವರಿಗೆ ಬಂದರೆ ನಮಗೆ ಬರಬೇಕೆಂದೇನಿಲ್ಲ. ಇದು ಈ ಬೀದಿಯ ಮಗುವಿಗೂ ಗೊತ್ತು, ನನಗೂ ಗೊತ್ತು. ಸರ್ಕಾರದ ಕರೆಂಟು ಬಂದರೆ ಮಾತ್ರ ಹತ್ತುವ ಗೋಡೆಯ ಮೇಲಿನ ಚಿಕ್ಕ ಬಲ್ಬು ಹತ್ತಿದೆಯೇ ಎಂದು ಕತ್ತೆತ್ತಿ ನೋಡಿದ್ದರೆ ಸಾಕಾಗಿತ್ತು. ನೋಡಲಿಲ್ಲ. ಬಟ್ಟೆ ತುಂಬಿ ಮೆಷಿನ್ ತಿರುಗಿಸಿದೆ.

ಟಪ್ ಎಂದಿತು.

ರಹಫ್ ಬಾಗಿಲು ತೆಗೆದು ನನ್ನನ್ನು ನೋಡಿದಳು. ಚಪ್ಪಲಿಯನ್ನೂ ಹಾಕದೆ ಐದು ಮಹಡಿ ಇಳಿದಳು. ಸ್ವಿಚ್ಚಿನ ಪೆಟ್ಟಿಗೆಗೆ ಜನರೇಟರಿನವನು ಬೀಗ ಹಾಕಿ ಹೋಗಿದ್ದಾನೆ, ಯಾರೋ ಕದ್ದು ತಂತಿ ಎಳೆದರೆಂದು. ಅವನನ್ನು ಹುಡುಕಿ ಕರೆತಂದು ತೆಗೆಸಿ ಮೇಲೆ ಬರುವಷ್ಟರಲ್ಲಿ ಪರೀಕ್ಷೆ ಮುಚ್ಚಿಹೋಗಿತ್ತು. ಅರ್ಧವೇ ಬರೆದಿದ್ದಳಂತೆ. ಟೀಚರಿಗೆ ಬರೆದು ಕೇಳಿದೆವು. "ಎಲ್ಲರ ಮನೇಲೂ ಇದೇ ಕಥೆ, ಒಬ್ಬರಿಗೆ ಮತ್ತೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತೆ" ಎಂದು ಉತ್ತರ ಬಂತು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೆಷಿನಿನಿಂದ ಬಟ್ಟೆ ತೆಗೆದು "ಅಮ್ಮ, ಇದನ್ನ ಕೈಯಲ್ಲೇ ಒಗೀತೀನಿ, ತಾಲಾ ಹತ್ರ ಹೋಗು" ಎಂದಳು.

ವಿದಾದ್


ಬೆಟ್ಟದ ಮೇಲಿನಿಂದ
27 ಫೆಬ್ರವರಿ 2021

ಅಕ್ಕ,

ನಿನ್ನ ಕಾಗದ ಓದಿದ ಮೇಲೆ ಆ ಹಳೆಯ ಹಾಳೆಯನ್ನು ಹೊರಗೆ ತೆಗೆದೆ. ನೀನು ಪೆನ್ನಿನಲ್ಲಿ ನಕಲು ಮಾಡಿದ್ದೆಯಲ್ಲ, ಅದಕ್ಕೆ ನಾನೇ ಬಣ್ಣ ತುಂಬುತ್ತಾ ಹೋದೆ. ತಾಲಾಳ ಸಾಲು ಕೆಂಪು ಮತ್ತು ನೀಲಿ. ಜವಾದನದು ಕೆಂಪು. ನಿನ್ನದು ಹಸಿರು, ನಡುನಡುವೆ ಅವರಿಬ್ಬರ ಕೆಂಪು. ರಹಫಳ ಸಾಲಿಗೆ ಬಂದೆ. ಒಂದರಿಂದ ನಾಲ್ಕರ ಮನೆಗೆ ಯಾವ ಬಣ್ಣ ಹಚ್ಚಲಿ ಎಂದು ಬಹಳ ಹೊತ್ತು ಕೂತೆ. ಆಮೇಲೆ ಹಸಿರನ್ನೇ ಹಚ್ಚಿದೆ. ಅಕ್ಕ, ಅವಳ ಸಾಲಿನಲ್ಲಿ ಕೆಂಪು ಒಂದು ಕಡ್ಡಿಯಷ್ಟೂ ಇಲ್ಲ. ನೀಲಿಯೂ ಇಲ್ಲ. ಭಾವನಿಗಂತೂ ಸಾಲೇ ಇಲ್ಲ.

ಗಣಿತವನ್ನು ಕಿವಿಯಲ್ಲಿ ಯಾರು ಕಲಿಯುತ್ತಾರೆ? ನಾನು ಟೀಚರು, ನನಗಾದರೂ ಹೊಳೆಯಬೇಕಿತ್ತು. ಹೊಳೆಯದಿದ್ದುದಷ್ಟೇ ಅಲ್ಲ, ಆ ಮಾತು ಹೇಳಿಕೊಟ್ಟವಳೂ ನಾನೇ, ಶಭಾಷ್ ಎಂದವಳೂ ನಾನೇ. ಇನ್ನೂ ಆರು ಮನೆಗಳಿಗೆ ಹಂಚಿದೆ. ನಾಚಿಕೆಯಾಗುತ್ತಿದೆ.

ಅವಳನ್ನು ನನ್ನ ಹತ್ತಿರ ಕಳಿಸು. ಜುಲೈ ಪರೀಕ್ಷೆಯವರೆಗೆ. ನಮ್ಮ ಹಳ್ಳಿಗೆ ತೊರೆಯ ನೀರಿನಿಂದ ತೆಗೆದ ಕರೆಂಟಿದೆ, ಮಂಕಾದರೂ ನಿಲ್ಲುವುದಿಲ್ಲ. ನನ್ನ ಫೋನು ಅವಳಿಗೇ. ಬೆಳಿಗ್ಗೆ ನಾನೇ ಕೂತು ಹೇಳಿಕೊಡುತ್ತೇನೆ. ನಾಲ್ಕು ತಿಂಗಳು ಸಾಕು ಅಕ್ಕ, ಅವಳು ಚುರುಕು ಹುಡುಗಿ.

ನುಹಾ


ಟ್ರಿಪೋಲಿ
5 ಮಾರ್ಚ್ 2021

ನುಹಾ,

ಬಣ್ಣ ಹಚ್ಚಿ ನೋಡಿದೆಯಂತೆ. ಪುರುಸೊತ್ತಿದ್ದವರು ಹಚ್ಚುತ್ತಾರೆ. ನಿನಗೆ ಹೆತ್ತ ಹೊಟ್ಟೆಯಿಲ್ಲ, ಹೊತ್ತೂ ಇದೆ, ಪೆನ್ಸಿಲೂ ಇದೆ.

ರಹಫಳನ್ನು ಕಳಿಸಬೇಕಂತೆ. ಐದು ಮಹಡಿ ಇಳಿದು ಸ್ವಿಚ್ಚು ಯಾರು ಎತ್ತುತ್ತಾರೆ, ನನ್ನ ಮಂಡಿಯೇ? ಜವಾದನಿಗೆ ಫ್ರೆಂಚು ಯಾರು ಹೇಳುತ್ತಾರೆ, ಬಾಲ್ಕನಿಯೇ? ಇವರಿಗೆ ಒಂದು ಲೋಟ ಎತ್ತಿಡಿ ಎಂದು ನೋಡು. ಹದಿನಾರು ವರ್ಷದಿಂದ ಹೇಳಿ ಹೇಳಿ ನಾನು ಬಿಟ್ಟಿದ್ದೇನೆ. ಕೆಲಸ ಹೋದಮೇಲೆ ಹೇಳಲು ಭಯವೂ ಆಗುತ್ತದೆ, ಎಲ್ಲಿ ಕುಸಿದುಬಿಡುತ್ತಾರೋ ಎಂದು.

ಅಮ್ಮ ಹಾಸಿಗೆ ಹಿಡಿದಾಗ ನಾನು ಏಳನೇ ಕ್ಲಾಸು ಬಿಟ್ಟೆ. ನೀನು ಒಂದನೆಯದರಲ್ಲಿದ್ದೆ. ನಿನ್ನ ಜಡೆ ಹೆಣೆದು, ನಿನ್ನ ಸ್ಲೇಟು ಒರೆಸಿ, ಬಾಗಿಲವರೆಗೆ ಬಿಟ್ಟು ಬರುತ್ತಿದ್ದವಳು ನಾನು. ಆಗ ನನ್ನ ಸಾಲಿಗೆ ಯಾವ ಬಣ್ಣವಿತ್ತೆಂದು ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ಕಾಗದ ಬರೆಯಬೇಡ.

ವಿದಾದ್


ಟ್ರಿಪೋಲಿ
6 ಜೂನ್ 2021

ನುಹಾ,

ಮೂರು ತಿಂಗಳಾಯಿತು. ಬರೆಯಬೇಡ ಎಂದಿದ್ದೆ, ನೀನು ಬರೆಯಲಿಲ್ಲ. ಚಿಕ್ಕಂದಿನಿಂದ ನನ್ನ ಮಾತು ಕೇಳುವವಳು. ಲಬ್ನೆ ಮಾತ್ರ ತಪ್ಪದೆ ಬರುತ್ತಿತ್ತು. ಖಾಲಿ ಡಬ್ಬಿ ತೊಳೆದು ಕಳಿಸುತ್ತಿದ್ದೆ, ಒಳಗೆ ಒಂದು ಚೀಟಿ ಹಾಕಲೂ ಮನಸ್ಸಾಗಲಿಲ್ಲ. ಫೋನು ಮಾಡೋಣವೆಂದರೆ ಈ ಮಾತು ಬಾಯಿಂದ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಹಫಳ ಶಾಲೆಗೆ ಕರೆದಿದ್ದರು. ಜುಲೈ ಹನ್ನೆರಡಕ್ಕೆ ಪರೀಕ್ಷೆ, ಶಾಲೆಯಲ್ಲೇ ಕೂತು ಬರೆಯಬೇಕು, ಅದರ ಮೇಲೆಯೇ ಮುಂದಿನ ಶಾಲೆ. ಟೀಚರು ಪಟ್ಟಿ ತೆರೆದು "ಒಂದು ದಿನಾನೂ ತಪ್ಪಿಸಿಲ್ಲ ನಿಮ್ಮ ಮಗಳು. ಆದ್ರೆ ಜನವರಿಯಿಂದ ಒಂದು ಮನೆಗೆಲ್ಸಾನೂ ಕಳ್ಸಿಲ್ಲ. ಪ್ರಶ್ನೆ ಕೇಳಿದ್ರೆ ಮಾತಿಲ್ಲ. ಹುಷಾರಿಲ್ವಾ?" ಎಂದರು.

ಮನೆಗೆ ಬಂದು ಅವಳ ಗಣಿತದ ನೋಟುಪುಸ್ತಕ ತೆಗೆದೆ. ಅಕ್ಟೋಬರ್, ನವೆಂಬರ್ ಪುಟಗಳು ಎಷ್ಟು ಚೆಂದ, ಗೆರೆಯೆಲ್ಲ ಸ್ಕೇಲಿಟ್ಟು ಎಳೆದದ್ದು. ಡಿಸೆಂಬರಿನಲ್ಲಿ ಲೆಕ್ಕದ ಮಧ್ಯೆ ಮಧ್ಯೆ ಬೇರೆ ಸಾಲುಗಳು. "ಮೆಷಿನ್ 2.20." "ತಾಲಾ ಸಿರಪ್." "ಉಪ್ಪು ಮುಗಿದಿದೆ." ಜನವರಿಯಿಂದ ಖಾಲಿ. ಖಾಲಿ ಹಾಳೆಗಳ ಮೇಲೆ ಒದ್ದೆ ಕೈಯಿಟ್ಟ ಗುರುತುಗಳಿವೆ, ಅಷ್ಟೆ.

"ಯಾಕೇ ಹೇಳ್ಲಿಲ್ಲ" ಎಂದೆ.

"ಹಾಜರಿ ಎಲ್ಲ ಇದ್ಯಲ್ಲಮ್ಮ" ಎಂದಳು.

"ಪಾಠ ಅರ್ಥ ಆಗ್ತಿತ್ತಾ?"

"ಕೇಳಿಸ್ತಿತ್ತು" ಎಂದಳು.

ಅವಳನ್ನು ತಬ್ಬಿಕೊಂಡು ಅತ್ತೆ. ಅವಳು ನನ್ನ ಬೆನ್ನು ಸವರಿದಳು, ತಾಲಾಳಿಗೆ ಸವರುವ ಹಾಗೆ.

ನೀನು ಹಚ್ಚಿದ ಬಣ್ಣ ಸರಿಯಾಗಿತ್ತು. ಅವತ್ತು ನಿನ್ನ ಮೇಲೆ ಹರಿಹಾಯ್ದದ್ದು ಅದು ಸರಿಯಾಗಿತ್ತೆಂದೇ. ಹೆತ್ತ ಹೊಟ್ಟೆಯ ಮಾತು ಆಡಬಾರದಿತ್ತು, ಅದನ್ನು ಮರೆತುಬಿಡು ಎನ್ನುವ ಮುಖವೂ ನನಗಿಲ್ಲ. ರಹಫಳನ್ನು ಕಳಿಸುತ್ತೇನೆ. ಸ್ವಿಚ್ಚನ್ನು ನಾನೇ ಎತ್ತುತ್ತೇನೆ, ಮಂಡಿ ಹೋದರೆ ಹೋಗಲಿ. ಒಂದು ತಿಂಗಳಿದೆ, ನಿನ್ನ ಕೈಲಿ ಏನಾದರೂ ಆದೀತು. ನೀನು ಹೂಂ ಎಂದರೆ ಮರುದಿನವೇ ಅಬು ಸಮೀಹನ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸುತ್ತೇನೆ.

ನಿನ್ನ ದಾರಿ ಕಾಯುತ್ತಾ
ವಿದಾದ್


ಬೆಟ್ಟದ ಮೇಲಿನಿಂದ
4 ಜುಲೈ 2021

ಅಕ್ಕ,

ನಿನ್ನ ಜೂನ್ ಆರರ ಕಾಗದ ಇವತ್ತು ಕೈಸೇರಿತು. ಅಬು ಸಮೀಹನಿಗೆ ನಾಲ್ಕು ವಾರದಿಂದ ಪೆಟ್ರೋಲಿಲ್ಲ. ಬಂಕಿನ ಸಾಲಿನಲ್ಲೇ ಎರಡೆರಡು ದಿನ ಮಲಗಿದನಂತೆ. ಕಾಗದ ಅಷ್ಟು ದಿನವೂ ವ್ಯಾನಿನ ಕನ್ನಡಿಯ ಹಿಂದೆ ಇತ್ತು. "ರೊಟ್ಟಿ ಆಗಿದ್ರೆ ಹೊತ್ಕೊಂಡಾದ್ರೂ ಬರ್ತಿದ್ದೆ, ಕಾಗ್ದ ತಾನೆ ಅಂದ್ಕೊಂಡೆ ಟೀಚರಮ್ಮ" ಎಂದ. ಅವನನ್ನು ಬೈಯಲೂ ಆಗಲಿಲ್ಲ.

ಓದಿದ ತಕ್ಷಣ ಫೋನು ಮಾಡಿದೆ. ಎತ್ತಿದ್ದು ರಹಫ್. ನೀನು ಜವಾದನನ್ನು ಕರೆದುಕೊಂಡು ದವಾಖಾನೆಗೆ ಹೋಗಿದ್ದೆಯಂತೆ. ನಾನೇ ಹೇಗಾದರೂ ಬಂದು ಕರೆದುಕೊಂಡು ಬರುತ್ತೇನೆ ಎಂದೆ.

"ಎಂಟೇ ದಿನ ಚಿಕ್ಕಮ್ಮ. ಅಷ್ಟರಲ್ಲಿ ಏನ್ ಕಲಿಯೋಕಾಗತ್ತೆ" ಎಂದಳು.

"ಎಂಟ್ ದಿನದಲ್ಲಿ ಎಷ್ಟೋ ಆಗತ್ತೆ ಕಂದ."

"ನೀರು ಬಂದಿದೆ, ಮೋಟಾರ್ ಹಾಕ್ಬೇಕು, ಇಡ್ತೀನಿ" ಎಂದು ಇಟ್ಟಳು.

ನಾನು ಚೌಕದವರೆಗೆ ನಡೆದು ಹೋಗಿ ಮಧ್ಯಾಹ್ನದವರೆಗೆ ನಿಂತೆ. ಕೆಳಗಿಳಿಯುವ ಒಂದು ಗಾಡಿಯೂ ಸಿಗಲಿಲ್ಲ. ನಾಳೆಯೂ ಹೋಗುತ್ತೇನೆ. ಈ ಕಾಗದ ನನಗಿಂತ ಮೊದಲು ಬರುತ್ತದೋ ಆಮೇಲೆ ಬರುತ್ತದೋ ಗೊತ್ತಿಲ್ಲ.

ಮಾರ್ಚ್ ತಿಂಗಳ ಮಾತಿಗೆ ಉತ್ತರ ಕೊಡಬೇಕು. ನಿನ್ನ ಸಾಲಿನ ಬಣ್ಣ ಕೇಳಲಿಲ್ಲ ಎಂದೆಯಲ್ಲ, ಅದು ನಿಜ. ನನಗೆ ಗೊತ್ತಿತ್ತು ಅಕ್ಕ. ಕೇಳಿದರೆ ನೀನು ಶಾಲೆಗೆ ಹೊರಟುಬಿಡುತ್ತೀಯೆಂದು, ಆಮೇಲೆ ನನ್ನ ಜಡೆ ಯಾರು ಹೆಣೆಯುತ್ತಾರೆಂದು, ಕೇಳಲಿಲ್ಲ. ಆರು ವರ್ಷದವಳಿಗೂ ಅಷ್ಟು ಬುದ್ಧಿಯಿತ್ತು.

ನಿನ್ನ
ನುಹಾ


ಟ್ರಿಪೋಲಿ
22 ಆಗಸ್ಟ್ 2021

ನುಹಾ,

ನೀನು ಪರೀಕ್ಷೆಯ ಹಿಂದಿನ ದಿನ ಆ ಧೂಳಿನಲ್ಲಿ ಲಾರಿ ಹತ್ತಿ ಬಂದು ಒಂದು ಸಂಜೆ ಅವಳ ಜೊತೆ ಕೂತದ್ದನ್ನು ಸಾಯುವವರೆಗೆ ಮರೆಯುವುದಿಲ್ಲ. ಅವತ್ತು ನಾನು ಒಂದು ಪಾತ್ರೆಯನ್ನೂ ಅವಳಿಗೆ ಮುಟ್ಟಗೊಡಲಿಲ್ಲ. ಒಂಬತ್ತು ತಿಂಗಳಲ್ಲಿ ಅವಳಿಗೆ ಸಿಕ್ಕ ಕೆಂಪು ಅಷ್ಟೇ.

ಪಾಸಾದವರ ಪಟ್ಟಿ ಹಾಕಿದರು. ಅವಳ ಹೆಸರಿಲ್ಲ. ಫ್ರೆಂಚಿನಲ್ಲಿ ತರಗತಿಗೇ ಎರಡನೆಯವಳು. ಜವಾದನಿಗೆ ಹೇಳಿಕೊಟ್ಟು ಕೊಟ್ಟು ಬಂದದ್ದು. ಗಣಿತ, ಭೌತಶಾಸ್ತ್ರ ಎರಡರಲ್ಲೂ ಏನೂ ಇಲ್ಲ. ಮತ್ತೆ ಒಂಬತ್ತಕ್ಕೇ ಕೂರಿಸಿ ಎಂದರು. ಜವಾದನೂ ತಾಲಾಳೂ ಒಳ್ಳೆಯ ಅಂಕ ತೆಗೆದು ಮೇಲಿನ ತರಗತಿಗೆ ಹೋದರು. ತಾಲಾಳ ಟೀಚರು "ತಾಯಿ ಅಂದ್ರೆ ಹೀಗಿರ್ಬೇಕು" ಎಂದರು. ಅಲ್ಲೇ ನೆಲ ಬಿರಿಯಬಾರದೇ ಎನಿಸಿತು.

ನನಗೆ ಆಸ್ಪತ್ರೆಯ ಗೌನು ಹೊಲಿಯುವ ಕಡೆ ಕೆಲಸ ಸಿಕ್ಕಿದೆ. ಬೆಳಿಗ್ಗೆ ಏಳರಿಂದ ಸಂಜೆ ಐದು. ಒಪ್ಪದೆ ವಿಧಿಯಿಲ್ಲ, ಕಾರ್ಖಾನೆಯ ಯಜಮಾನ ದೇಶವನ್ನೇ ಬಿಟ್ಟನಂತೆ. ನಿನ್ನ ಭಾವನಿಗೆ ಈ ಸುದ್ದಿ ಗೊತ್ತು, ಆದರೂ ಫೋನು ಮಡಿಲಲ್ಲೇ ಇದೆ.

ರಹಫಳನ್ನು ಶಾಲೆಗೆ ಹೆಸರು ಬರೆಸಲು ಕರೆದೆ. "ನೀನ್ ಕೆಲ್ಸಕ್ಕೆ ಹೋದ್ರೆ ತಾಲಾ ಪಕ್ಕ ಯಾರ್ ಕೂರ್ತಾರೆ? ಈ ವರ್ಷ ಬಿಡ್ತೀನಿ. ಒಂದ್ ವರ್ಷದ ಮಟ್ಟಿಗೆ" ಎಂದಳು. ಬೇಡ ಎನ್ನಬೇಕಿತ್ತು. ಜುಟ್ಟು ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ನಾನು ಮನಸ್ಸಿನಲ್ಲೇ ಮನೆಯ ಗಂಟೆಗಳನ್ನು ಎಣಿಸಿ ನೋಡಿದೆ, ಅವಳಿಲ್ಲದೆ ಹೊಂದುವುದಿಲ್ಲ. ಹೂಂ ಎಂದೆ.

ನಾನೂ ಏಳನೇ ಕ್ಲಾಸು ಬಿಟ್ಟದ್ದು ಒಂದು ವರ್ಷದ ಮಟ್ಟಿಗೇ ನುಹಾ. ನಿನಗೆ ಗೊತ್ತು.

ವಿದಾದ್


ಟ್ರಿಪೋಲಿ
17 ಅಕ್ಟೋಬರ್ 2021

ಪ್ರೀತಿಯ ಚಿಕ್ಕಮ್ಮನಿಗೆ,

ಅಮ್ಮನಿಗೆ ಬರೆಯಲು ಹೊತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಬಂದ ತಕ್ಷಣ ಕಾಲು ನೀರಿನಲ್ಲಿಟ್ಟು ಕೂತಲ್ಲೇ ನಿದ್ದೆ ಹೋಗುತ್ತಾರೆ. ನೀವು ಆಮೇಲೆ ಬರೆದ ಎರಡು ಕಾಗದದಲ್ಲೂ ನನ್ನನ್ನು ಬೆಟ್ಟಕ್ಕೆ ಕರೆದಿದ್ದೀರಿ. ಅಮ್ಮ ಓದಿ ನನ್ನ ದಿಂಬಿನ ಕೆಳಗೆ ಇಟ್ಟಿದ್ದರು. ನನಗೆ ಬರಲು ಆಸೆಯಿದೆ. ಈಗ ಆಗುವುದಿಲ್ಲ.

ಈ ಸಲ ಶಾಲೆ ವಾರಕ್ಕೆ ಮೂರು ದಿನ, ಉಳಿದ ದಿನ ಫೋನಿನಲ್ಲಿ. ಸರ್ಕಾರದ ಕರೆಂಟು ಒಂದೇ ಗಂಟೆ ಬರುತ್ತದೆ. ಜವಾದನಿಗೆ ಐದನೆಯದರಲ್ಲಿ ವಿಜ್ಞಾನವೂ ಫ್ರೆಂಚಿನಲ್ಲೇ, ನಾನು ಹೇಳಿಕೊಡುತ್ತೇನೆ. ತಾಲಾ ಹಟಮಾರಿ. ನಾನು ಎದ್ದರೆ ಪೆನ್ಸಿಲು ಕೆಳಗಿಡುತ್ತಾಳೆ. ನಮ್ಮಲ್ಲಿ ತಾಯಂದಿರು ಮಕ್ಕಳನ್ನು ಮುದ್ದಿಗೆ ಮಾಮಾ, ಅಂದರೆ ಅಮ್ಮಾ, ಎಂದೇ ಕರೆಯುತ್ತಾರಲ್ಲ, ನಿನ್ನೆ ಅವಳನ್ನು ಅಮ್ಮ ಕರೆಯುವ ಹಾಗೆಯೇ "ಬಾ ಮಾಮಾ, ಕೂತ್ಕೋ ಮಾಮಾ" ಎಂದು ಕರೆದೆ. ಅವಳು ನಕ್ಕು "ನೀನ್ ಅಕ್ಕ, ಮಾಮಾ ಅನ್ಬಾರ್ದು" ಎಂದಳು. ಆದರೆ ಬಂದು ಕೂತಳು. ಅಪ್ಪ ಕೇಳಿಸಿಕೊಂಡು ಬಾಲ್ಕನಿಯಿಂದ ಒಳಗೆ ಬಂದರು, ಸಿಂಕಿನಲ್ಲಿದ್ದ ಎರಡು ಲೋಟ ತೊಳೆದು ಮತ್ತೆ ಹೋಗಿ ಕೂತರು.

ಚಿಕ್ಕಮ್ಮ, ನೀವು ಟೀಚರು. ನಿಮ್ಮನ್ನು ಒಂದು ವಿಷಯ ಕೇಳಬೇಕು. ತಾಲಾಳ ಬರವಣಿಗೆಗೆ ಕೂತರೆ ಬೇಳೆ ಸೀಯುತ್ತದೆ, ಬೇಳೆಗೆ ಎದ್ದರೆ ಜವಾದ್ ಆಟ ಶುರುಮಾಡುತ್ತಾನೆ. ಹೊತ್ತು ಎಲ್ಲಿ ಸೋರಿಹೋಗುತ್ತದೆ ಎಂದು ನನಗೂ ತಿಳಿಯುವುದಿಲ್ಲ. ಅದಕ್ಕೆ ಹಳೆಯ ಹಾಳೆ ಕಿತ್ತು ಹೊಸದು ಮಾಡಿದ್ದೇನೆ, ನೀವು ಕಳಿಸಿದ ಪೆನ್ಸಿಲುಗಳಿಂದಲೇ. ಈ ಸಲ ಮೂರೇ ಸಾಲು, ಅಮ್ಮ, ಜವಾದ್, ತಾಲಾ. ನನಗೆ ಸಾಲು ಹಾಕಲಿಲ್ಲ, ಉಳಿದದ್ದೆಲ್ಲ ನನ್ನದೇ ಆದ್ದರಿಂದ ಬೇಕಾಗಲಿಲ್ಲ. ಹಸಿರು ಪೆನ್ಸಿಲು ಮುಗಿಯುತ್ತಾ ಬಂತು, ಸಿಕ್ಕರೆ ಇನ್ನೊಂದು ಕಳಿಸಿ. ಕೆಂಪನ್ನು ತಾಲಾಳಿಗೆ ಕೊಟ್ಟಿದ್ದೇನೆ.

ಎಲ್ಲವನ್ನೂ ಜೋಡಿಸಿದ ಮೇಲೆ ಸಂಜೆ ನಾಲ್ಕೂ ನಲವತ್ತರಿಂದ ಐದರವರೆಗೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಆಗ ಫೋನೂ ಖಾಲಿ, ಒಲೆಯೂ ಖಾಲಿ. ಮೊದಲ ದಿನ ಗಣಿತದ ನೋಟುಪುಸ್ತಕ ತೆಗೆದೆ. ಡಿಸೆಂಬರಿನ ಪುಟದವರೆಗೆ ಓದಿದೆ, ಅಲ್ಲಿಂದ ಮುಂದೆ ಏನು ಬರಬೇಕು ಎಂದು ತಿಳಿಯಲಿಲ್ಲ. ಈಗ ಆ ಹೊತ್ತಿನಲ್ಲಿ ಕೆಳಗೆ ಹೋಗಿ ಸ್ವಿಚ್ಚಿನ ಹತ್ತಿರ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಟ್ರಿಪ್ ಆದರೆ ಬೇಗ ಎತ್ತಬಹುದು.

ಆ ಇಪ್ಪತ್ತು ನಿಮಿಷದಲ್ಲಿ ಮಾಡಬಹುದಾದದ್ದು ನಿಮಗೇನಾದರೂ ಹೊಳೆದರೆ ಬರೆದು ತಿಳಿಸಿ.

ನಿಮ್ಮ
ರಹಫ್